ಭೋಂಗ್ಯಾ ಮಲಗುವ ಜಾಗ

ದಾಂಡೇಲಿ
16 ಜೂನ್ 2024

ಈಶಪ್ಪನವರಿಗೆ,

ನಿಮ್ಮ ಅಕ್ಕ ದ್ರಾಕ್ಷಾಯಣಿಗೆ ಮಣ್ಣು ಕೊಟ್ಟ ದಿನ ನೀವು ಎಲ್ಲರೆದುರು ಹೇಳಿದ ಮಾತು ನನಗೆ ನೆನಪಿದೆ. "ಇನ್ನ ಮ್ಯಾಲೆ ನಿಮ್ಮ ದನಿ ನನ್ನ ಕಿವಿಗೆ ಬೀಳಬಾರದು." ಎರಡು ವರ್ಷ ಪಾಲಿಸಿದ್ದೇನೆ. ಕಾಗದ ಬರೆಯಬಾರದು ಎಂದು ನೀವು ಹೇಳಿರಲಿಲ್ಲ. ಬೇಡವೆನಿಸಿದರೆ ಇಲ್ಲಿಗೇ ನಿಲ್ಲಿಸಿ ಒಲೆಗೆ ಹಾಕಿ.

ವಿಷಯ ನನ್ನದಲ್ಲ. ನಾಯಿಯದು. ದ್ರಾಕ್ಷಾಯಣಿ ನಮ್ಮ ಕಾಗದದ ಮಿಲ್ಲಿನ ಗೇಟಿನ ಹತ್ತಿರದಿಂದ ಸೆರಗಿನಲ್ಲಿ ಸುತ್ತಿಕೊಂಡು ತಂದ ಮರಿ. ನೀವು ಅದನ್ನು ಮೊದಲ ಸಲ ನೋಡಿದಾಗ ನಿಮ್ಮ ಚಪ್ಪಲಿ ಕಡಿದಿತ್ತು. ಪಾಳಿ ಬದಲಾಗುವಾಗ ಮಿಲ್ಲಿನ ಭೋಂಗಾ ಕೂಗಿದಾಗಲೆಲ್ಲ ಇದೂ ಮುಖ ಎತ್ತಿ ಕೂಗುತ್ತಿತ್ತೆಂದು ಅವಳೇ ಭೋಂಗ್ಯಾ ಎಂದು ಕರೆದಳು. ಈಗ ಅದಕ್ಕೆ ಏಳು ವರ್ಷ.

ಯುಗಾದಿಯಿಂದ ಕೆರೆದುಕೊಳ್ಳುತ್ತಿದೆ. ಮೊದಲು ಆಗೊಮ್ಮೆ ಈಗೊಮ್ಮೆ. ಈಗ ಉಣ್ಣುವುದನ್ನು ನಡುವೆ ಬಿಟ್ಟು ಕುಳಿತು ಕೆರೆದುಕೊಳ್ಳುತ್ತದೆ. ಬೆನ್ನಿನ ಹಿಂಭಾಗದ ಕೂದಲು ಉದುರಿ ಚರ್ಮ ಕಪ್ಪಾಗಿ, ದಪ್ಪವಾಗಿ, ಹಳೆಯ ಚಕ್ಕಡಿಯ ಹಗ್ಗ ಮುಟ್ಟಿದಂತೆ ಆಗಿದೆ. ಎರಡು ಕಡೆ ಹುಣ್ಣು. ಭೋಂಗಾಕ್ಕೆ ಕೂಗುವುದನ್ನೂ ಬಿಟ್ಟಿದೆ.

ನಮ್ಮ ಸಾಲುಮನೆಗಳ ಚಾಳದಲ್ಲಿ ಮಾತು ಶುರುವಾಗಿದೆ. ಪಕ್ಕದ ಮನೆಯ ಗಿರಿಜಾಬಾಯಿ ನಿನ್ನೆ ನೀರು ತುಂಬುವಾಗ ಹೇಳಿದರು: "ಅಣ್ಣಾರ, ಇದು ಕಜ್ಜಿನ ಐತಿ. ನಮ್ಮ ಹುಡುಗರಿಗೆ ಹತ್ತಿದ್ರ ಯಾರ ನೋಡಾವ್ರು? ಜೋಯಿಡಾ ಕಡೆ ಒಯ್ದು ಅಡವ್ಯಾಗ ಬಿಟ್ಟ ಬರ್ರಿ. ಚೌತಿತನಾ ನೋಡ್ತೇವಿ, ಆಮ್ಯಾಲೆ ನಾವ ಆಟೋ ಕರಸ್ತೇವಿ." ಕೆಟ್ಟ ಹೆಂಗಸಲ್ಲ. ದ್ರಾಕ್ಷಾಯಣಿ ಜಡ್ಡಿನಲ್ಲಿ ಮಲಗಿದಾಗ ಅಂಬಲಿ ತಂದುಕೊಟ್ಟವರು ಇವರೇ.

ಪ್ರಾಣಿಗಳ ವಿಷಯ ತಿಳಿದವರು ನನಗೆ ನೀವೊಬ್ಬರೇ. ಅದಕ್ಕಾಗಿ ಬರೆದೆ.

ಮಲಕಪ್ಪ


ಚಿಗಳ್ಳಿ
23 ಜೂನ್ 2024

ಮಲಕಪ್ಪನವರಿಗೆ,

ಕಾಗದ ಮುಟ್ಟಿತು. ಒಲೆಗೆ ಹಾಕಲಿಲ್ಲ, ನಮ್ಮದು ಗ್ಯಾಸ್.

ನಾನು ಡಾಕ್ಟರನಲ್ಲ. ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರ್ ಆಗಿದ್ದೆ, ಈಗ ಅದೂ ಅಲ್ಲ. ನಾಯಿಯನ್ನು ದಾಂಡೇಲಿಯ ಪಶು ಆಸ್ಪತ್ರೆಗೆ ಒಯ್ಯಿರಿ. ಚರ್ಮ ಕೆರೆದು ಗಾಜಿಗೆ ಹಚ್ಚಿ ನೋಡುತ್ತಾರೆ. ಕಜ್ಜಿಯ ಹುಳ ಇದ್ದರೆ ಬಹಳ ಸಲ ಅಲ್ಲಿ ಕಾಣುತ್ತದೆ. ನೋಡದೆ ಕಜ್ಜಿ ಎನ್ನುವ ಅಧಿಕಾರ ಗಿರಿಜಾಬಾಯಿಗೂ ಇಲ್ಲ, ನನಗೂ ಇಲ್ಲ.

ತುರಿಕೆ ರೋಗದ ಹೆಸರಲ್ಲ, ಅದೊಂದು ದೂರು. ಯಾರ ಮೇಲಿನ ದೂರು ಎಂಬುದನ್ನು ಕೆರೆದುಕೊಳ್ಳುವ ಜಾಗ ಹೇಳುತ್ತದೆ. ಕಿವಿಯ ಅಂಚು, ಮೊಣಕೈ ಆದರೆ ಹೆಚ್ಚಾಗಿ ಕಜ್ಜಿಯ ಹುಳ. ಪಾದ ನೆಕ್ಕುತ್ತ, ಹೊಟ್ಟೆ, ಕಿವಿಯ ಒಳಗೆ ಕೆರೆದುಕೊಳ್ಳುತ್ತಿದ್ದರೆ ತಿನ್ನುವುದೋ ಹುಲ್ಲೋ ಧೂಳೋ ಅದಕ್ಕೆ ಆಗಿಬರುತ್ತಿಲ್ಲ. ಬಾಲದ ಬುಡ, ಹಿಂದೊಡೆ ಆದರೆ ಚಿಗಟ. ನೀವು "ಬೆನ್ನಿನ ಹಿಂಭಾಗ" ಎಂದು ಬರೆದಿದ್ದೀರಿ. ಅಷ್ಟು ಸಾಲದು. ಅಂಗೈ ಇಟ್ಟು ಅಳೆದು ಬರೆಯಿರಿ.

ಇನ್ನೊಂದು ಕೆಲಸ. ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ನಾಯಿಯನ್ನು ನಿಲ್ಲಿಸಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ. ಕರಿ ಮೆಣಸಿನ ಪುಡಿಯಂಥದ್ದು ಉದುರುತ್ತದೆ. ಐದು ನಿಮಿಷ ಬಿಟ್ಟು ನೋಡಿ. ಕಪ್ಪಾಗಿಯೇ ಉಳಿದರೆ ಮಣ್ಣು. ಸುತ್ತಲೂ ಕೆಂಪು ಹಬ್ಬಿದರೆ ಅದು ಚಿಗಟದ ಹಿಕ್ಕೆ, ನಾಯಿಯ ರಕ್ತ. ಬಿಳಿ ಕಾಗದದ ವಿಷಯ ನಿಮಗೆ ನಾನು ಹೇಳಬೇಕಿಲ್ಲ.

ಏನು ಹಚ್ಚಿದ್ದೀರಿ, ಏನು ತಿನ್ನಿಸುತ್ತೀರಿ, ಅದು ಎಲ್ಲಿ ಮಲಗುತ್ತದೆ, ಮೂರನ್ನೂ ಬರೆಯಿರಿ.

ಅಡವಿಗೆ ಬಿಡಬೇಡಿ. ಅದು ಅಕ್ಕನದು.

ಈಶಪ್ಪ


ದಾಂಡೇಲಿ
30 ಜೂನ್ 2024

ಈಶಪ್ಪನವರಿಗೆ,

ಪಶು ಆಸ್ಪತ್ರೆಯಲ್ಲಿ ಚರ್ಮ ಕೆರೆದು ನೋಡಿದರು. ಹುಳ ಇಲ್ಲ. ತುರಿಕೆ ತಗ್ಗಲು ಐದು ದಿನದ ಗುಳಿಗೆ, ಹುಣ್ಣಿಗೆ ಮುಲಾಮು, ಸ್ನಾನಕ್ಕೆ ಒಂದು ಶಾಂಪೂ ಕೊಟ್ಟಿದ್ದಾರೆ. ಗಿರಿಜಾಬಾಯಿಗೆ ಚೀಟಿ ತೋರಿಸಿದೆ. "ಚೀಟಿ ಓದಾಕ ಬರತೈತ್ರಿ ಅಣ್ಣಾರ, ನಾಯಿ ಮೈ ನೋಡಿದ್ರ ನಂಬಾಕ ಬರೂದಿಲ್ಲ" ಎಂದರು.

ಅಳೆದೆ. ಬಾಲದ ಬುಡದಿಂದ ಮುಂದಕ್ಕೆ ಒಂದು ಗೇಣು, ಎರಡೂ ಹಿಂದೊಡೆಗಳ ಹಿಂಬದಿ. ಪಾದ ನೆಕ್ಕುವುದಿಲ್ಲ. ಕಿವಿ ಸ್ವಚ್ಛ ಇವೆ. ತಿನ್ನುವುದು ಮೊದಲಿನದೇ, ರೊಟ್ಟಿ, ಹಾಲು, ವಾರಕ್ಕೊಮ್ಮೆ ಮೊಟ್ಟೆ.

ಹಚ್ಚಿದ್ದು ಹೇಳಲು ನಾಚಿಕೆಯಾಗುತ್ತದೆ. ಗ್ಯಾರೇಜಿನಿಂದ ಸುಟ್ಟ ಎಣ್ಣೆ ತಂದು ಎರಡು ಸಲ ಹಚ್ಚಿದೆ. ಚಾಳದಲ್ಲಿ ಎಲ್ಲರೂ ಅದನ್ನೇ ಹೇಳಿದರು. ಒಂದು ಸಲ ಫಿನಾಯಿಲ್ ನೀರಿನಲ್ಲಿ ತೊಳೆದೆ.

ಕಾಗದದ ಪರೀಕ್ಷೆ ಮಾಡಿದೆ. ಮೂವತ್ತೊಂದು ವರ್ಷ ಹಾಳೆಯನ್ನು ಬೆಳಕಿಗೆ ಹಿಡಿದು ಕಲೆ ಹುಡುಕಿದ್ದೇನೆ. ಒಂದು ಕಲೆ ಕಂಡರೆ ಹಾಳೆ ತೆಗೆದಿಡುತ್ತಿದ್ದೆ. ಇದರಲ್ಲಿ ನಲವತ್ತರ ತನಕ ಎಣಿಸಿ ಬಿಟ್ಟೆ. ಎಲ್ಲದರ ಸುತ್ತ ಕೆಂಪು. ಹಾಳೆಯನ್ನು ಒಣಗಿಸಿ, ಬಾಚಣಿಗೆಯ ಕಸವನ್ನು ಅದರಲ್ಲೇ ಮಡಚಿ, ಮುಂಡಗೋಡ ಬಸ್ಸಿನ ಕಂಡಕ್ಟರ್ ಶಿವಯೋಗಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಹಿತ್ತಲಲ್ಲಿ ಗೋಣಿಚೀಲದ ಮೇಲೆ ಮಲಗುತ್ತದೆ.

ನೀವು ಬರೆದ ಕಾಗದ ಒಳ್ಳೆಯದಲ್ಲ, ಶಾಯಿ ಹಿಂದಕ್ಕೆ ಇಳಿದಿದೆ. ಎರಡು ದಸ್ತು ಒಳ್ಳೆಯ ಕಾಗದ ಇಟ್ಟಿದ್ದೇನೆ. ಬೇಕಾದಷ್ಟು ಬಳಸಿ.

ಮಲಕಪ್ಪ


ಚಿಗಳ್ಳಿ
7 ಜುಲೈ 2024

ಮಲಕಪ್ಪನವರಿಗೆ,

ಚಿಗಟ. ಸಂಶಯವಿಲ್ಲ.

ಸುಟ್ಟ ಎಣ್ಣೆಯ ಬಗ್ಗೆ ಒಂದೇ ಸಲ ಬರೆಯುತ್ತೇನೆ. ನಾಯಿ ತನ್ನ ಮೈ ನೆಕ್ಕುತ್ತದೆ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಸಾಂಬ್ರಾಣಿ ಊರಿನ ಪಶು ಆಸ್ಪತ್ರೆಯಲ್ಲಿದ್ದ ಎಂಟು ವರ್ಷದಲ್ಲಿ ಸುಟ್ಟ ಎಣ್ಣೆಯಿಂದ ಸತ್ತ ನಾಯಿಗಳನ್ನು ನೋಡಿದ್ದೇನೆ, ಕಜ್ಜಿಯಿಂದ ಸತ್ತವು ಅದಕ್ಕಿಂತ ಕಡಿಮೆ. ಫಿನಾಯಿಲ್ ನೆಲಕ್ಕೆ.

ಚಿಗಟ ಎಲ್ಲ ನಾಯಿಗೂ ಇರುತ್ತವೆ. ಕೆಲವಕ್ಕೆ ಅದರ ಜೊಲ್ಲು ಆಗುವುದಿಲ್ಲ. ಅಂಥ ನಾಯಿಗೆ ನೂರು ಕಚ್ಚಬೇಕಿಲ್ಲ, ಒಂದು ಕಚ್ಚಿದರೂ ವಾರಗಟ್ಟಲೆ ಮೈ ಉರಿ. ಭೋಂಗ್ಯಾ ಅಂಥದ್ದು. ಕುತ್ತಿಗೆಯ ಹಿಂದೆ, ನಾಲಿಗೆ ಮುಟ್ಟದ ಕಡೆ ಹಾಕುವ ಹನಿ ಔಷಧಿ ಸಿಗುತ್ತದೆ. ನಾಯಿಯ ತೂಕ ಹೇಳಿ ಆಸ್ಪತ್ರೆಯಲ್ಲಿ ಬರೆಸಿಕೊಳ್ಳಿ, ತಿಂಗಳಿಗೊಮ್ಮೆ, ತಪ್ಪದೆ. ಶಾಂಪೂ ಹಚ್ಚಿದ ಮೇಲೆ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಗಡಿಯಾರ ನೋಡಿ. ಅಂದಾಜಿನ ಹತ್ತು ನಿಮಿಷ ಎಂದರೆ ಮೂರು.

ಮುಖ್ಯವಾದದ್ದು ಈಗ. ನಾಯಿಯ ಮೈಮೇಲೆ ಕಾಣುವ ಚಿಗಟ ನೂರರಲ್ಲಿ ಐದು. ಉಳಿದ ತೊಂಬತ್ತೈದು ಮೊಟ್ಟೆ, ಹುಳ, ಗೂಡು ಆಗಿ ಅದು ಮಲಗುವ ಜಾಗದಲ್ಲಿರುತ್ತವೆ. ಗೂಡಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕುಳಿತು, ಬಿಸಿ ಮೈ ಹತ್ತಿರ ಬಂದಾಗ ಹೊರಗೆ ಬರುತ್ತವೆ. ಆದ್ದರಿಂದ ಗೋಣಿಚೀಲ ಸುಡಿ. ಹಿತ್ತಲು ಗುಡಿಸಿ.

ಬಸ್ಸಿನ ಪೊಟ್ಟಣ ಬಿಚ್ಚುವಾಗ ನಮ್ಮಾಕೆ ಶಿವಗಂಗವ್ವ ಕೇಳಿದಳು: "ಯಾರದ್ರಿ ಕಾಗದಾ?"

"ನಾಯೀದು."

"ನಾಯಿ ಅಕ್ಷರ ಭಾಳ ಛಲೋ ಅದಾವ ಬಿಡ್ರಿ."

ನಿಮ್ಮ ಕಾಗದದ ಮೇಲೆಯೇ ಬರೆದಿದ್ದೇನೆ, ಬೇರೆ ಮುಗಿದಿತ್ತು.

ಈಶಪ್ಪ


ದಾಂಡೇಲಿ
14 ಆಗಸ್ಟ್ 2024

ಈಶಪ್ಪನವರಿಗೆ,

ತಡವಾಯಿತು. ಒಳ್ಳೆಯ ಸುದ್ದಿ ಬರೆಯಬೇಕೆಂದು ಕಾಯುತ್ತಿದ್ದೆ.

ಹನಿ ಔಷಧಿ ಹಾಕಿದ ಮೇಲೆ ಹದಿನೈದು ದಿನ ಚೆನ್ನಾಗಿತ್ತು. ಹುಣ್ಣು ಒಣಗಿ ಮೇಲೆ ನವಿರಾದ ಕೂದಲೂ ಬಂದಿತ್ತು. ಗಿರಿಜಾಬಾಯಿ ಒಂದು ದಿನ ತಾವಾಗಿಯೇ ರೊಟ್ಟಿ ಹಾಕಿದರು. ಆಮೇಲೆ ಮತ್ತೆ ಶುರುವಾಯಿತು. ಎರಡನೆಯ ತಿಂಗಳಿನ ಹನಿಯನ್ನೂ ಹಾಕಿದ್ದೇನೆ. ಗಡಿಯಾರ ಮುಂದಿಟ್ಟುಕೊಂಡೇ ಸ್ನಾನ ಮಾಡಿಸುತ್ತೇನೆ. ಗೋಣಿಚೀಲ ಸುಟ್ಟೆ. ಈ ಮಳೆಯಲ್ಲಿ ಅದು ಹೊತ್ತಿಕೊಳ್ಳಲು ಅರ್ಧ ದಿನ ಬೇಕಾಯಿತು.

ಮೊನ್ನೆ ಶ್ರಾವಣದ ಎರಡನೆಯ ಸೋಮವಾರ. ರುದ್ರಭೂಮಿಗೆ ಹೋಗಿ ಅವಳ ಗದ್ದಿಗೆಯ ಮೇಲಿನ ಹುಲ್ಲು ಕಿತ್ತು ಬಂದೆ. ಭೋಂಗ್ಯಾ ಜೊತೆಗೆ ಬಂದಿತ್ತು. ಅಲ್ಲಿ ಇದ್ದಷ್ಟು ಹೊತ್ತು ಕೆರೆದುಕೊಳ್ಳಲಿಲ್ಲ. ಕಾರಣ ಬೇರೆ ಇರಬಹುದು, ಗಾಳಿ ಇತ್ತು. ಕಂಡದ್ದನ್ನು ಕಂಡಂತೆ ಬರೆದಿದ್ದೇನೆ.

ಚೌತಿಗೆ ಇಪ್ಪತ್ನಾಲ್ಕು ದಿನ ಉಳಿದಿವೆ.

ಮಲಕಪ್ಪ


ಚಿಗಳ್ಳಿ
20 ಆಗಸ್ಟ್ 2024

ಮಲಕಪ್ಪನವರಿಗೆ,

ನಾಯಿ ಗೋಣಿಚೀಲದ ಮೇಲೆ ಮಲಗುತ್ತಿರಲಿಲ್ಲ.

ನೀವು ಜೂನ್‌ನಲ್ಲಿ ಕಳಿಸಿದ ಬಾಚಣಿಗೆಯ ಕಸವನ್ನು ಭೂತಗನ್ನಡಿಯಲ್ಲಿ ನೋಡಿದ್ದೆ. ಗೋಣಿಯ ನಾರು ಒಂದೂ ಇರಲಿಲ್ಲ. ಉಣ್ಣೆಯಂಥ ಬಿಳಿಯ ನಾರು ಇತ್ತು. ಒಂದು ಅಂಗುಲ ಕೆಂಪು ನೂಲು ಇತ್ತು, ಎರಡೆಳೆಯದು, ಕೈಹೊಲಿಗೆಯದು. ಜುಲೈನಲ್ಲೇ ಕೇಳಬೇಕಾಗಿತ್ತು. ನೀವೇ ಹೇಳುವಿರೆಂದು ಬಿಟ್ಟೆ. ನನ್ನ ತಪ್ಪಿನಿಂದ ಆ ಪ್ರಾಣಿ ಒಂದು ತಿಂಗಳು ಹೆಚ್ಚು ಕೆರೆದುಕೊಂಡಿತು.

ಅದು ಎಲ್ಲಿ ಮಲಗುತ್ತದೆ?

ಉತ್ತರ ಬರೆಯದಿದ್ದರೆ ಔಷಧಿಯ ಬಗ್ಗೆ ನಾನು ಬರೆಯುವುದು ಏನೂ ಉಳಿದಿಲ್ಲ. ಆದ್ದರಿಂದ ಬೇರೆಯ ಮಾತನ್ನೂ ಇಲ್ಲೇ ಬರೆದುಬಿಡುತ್ತೇನೆ. ಅಕ್ಕ ತೀರಿಹೋದ ವರ್ಷ, ಯುಗಾದಿಗೆ ಅವಳು ಫೋನಿನಲ್ಲಿ, "ಬರ್ತೇನೋ ಈಶ್ಯಾ, ಒಂದ ಕೆಲಸಾ ಮುಗಿದಿಲ್ಲ, ಮುಗದ ಕೂಡ್ಲೆ ಬರ್ತೇನಿ" ಎಂದಳು. ಬಸವ ಜಯಂತಿಗೂ ಅದೇ ಮಾತು. ಕಾರಹುಣ್ಣಿಮೆಗೂ ಅದೇ. ಆಮೇಲೆ ಸುದ್ದಿಯೇ ಬಂತು. ನಾಲ್ಕು ತಿಂಗಳು ಮುಗಿಯದ ಕೆಲಸ ಯಾವುದು? ಅವಳು ಬರಲಿಲ್ಲವೋ, ನೀವು ಕಳಿಸಲಿಲ್ಲವೋ? ಎರಡು ವರ್ಷದಿಂದ ನಾನು ಎರಡನೆಯದನ್ನೇ ನಂಬಿದ್ದೇನೆ. ಆಗ ಕೇಳಲಿಲ್ಲ, ಕೂಗಾಡಿದೆ. ಈಗ ಕೇಳುತ್ತಿದ್ದೇನೆ.

ಈಶಪ್ಪ


ದಾಂಡೇಲಿ
29 ಸೆಪ್ಟೆಂಬರ್ 2024

ಈಶಪ್ಪನವರಿಗೆ,

ಮೂರು ಸಲ ಬರೆದು ಹರಿದೆ. ಒಳ್ಳೆಯ ಕಾಗದ ಹರಿಯುವುದು ನನಗೆ ಅಭ್ಯಾಸವಿಲ್ಲ.

ಚೌತಿಯ ಮರುದಿನ ಆಟೋ ಬಂದಿತ್ತು. ಭೋಂಗ್ಯಾನ ಕೊರಳಿಗೆ ಹಗ್ಗ ಹಾಕಿದ್ದರು. ಅದು ಒದರಲಿಲ್ಲ, ಕಚ್ಚಲಿಲ್ಲ, ಹಗ್ಗ ಹಿಡಿದವನ ಕಾಲಿಗೆ ಬೆನ್ನು ತಿಕ್ಕಿಕೊಳ್ಳುತ್ತ ನಿಂತಿತು. ತುರಿಕೆ ಅಷ್ಟಿತ್ತು. ನಾನು ಹೋಗಿ ಆಟೋದಲ್ಲಿ ಕುಳಿತೆ. "ನೀವ್ಯಾಕ ಹತ್ತಿದ್ರಿ ಅಣ್ಣಾರ?" ಎಂದರು ಗಿರಿಜಾಬಾಯಿ. "ಇಬ್ಬರನ್ನೂ ಬಿಟ್ಟ ಬಾ ಅಂತ ಹೇಳ್ರಿ ಅವಗ" ಎಂದೆ. ಅವರು ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ದೀಪಾವಳಿಯ ತನಕ ಸಮಯ ಸಿಕ್ಕಿದೆ.

ಅದು ಮಲಗುವುದು ಕೌದಿಯ ಮೇಲೆ. ದ್ರಾಕ್ಷಾಯಣಿ ಹೊಲಿಯುತ್ತಿದ್ದ ಕೌದಿ. ಅವಳು ಹೋದ ದಿನದಿಂದ ಭೋಂಗ್ಯಾ ಅದರ ಮೇಲೆಯೇ ಮಲಗುತ್ತದೆ. ಎಬ್ಬಿಸಲು ನನಗೆ ಆಗಲಿಲ್ಲ. ಅದರ ಮಗ್ಗುಲಲ್ಲೇ ನಾನೂ ಮಲಗುತ್ತೇನೆ. ಅದರಲ್ಲಿ ಅವಳ ಕೊಬ್ಬರಿ ಎಣ್ಣೆಯ, ಅಡಿಕೆಯ ವಾಸನೆ ಇತ್ತು. ಈಗ ನಾಯಿಯ ವಾಸನೆಯೇ ಹೆಚ್ಚು, ಆದರೂ ಮುಖ ಒತ್ತಿದರೆ ಕೆಳಗೆ ಅದೂ ಇದೆ. ಕುದಿಯುವ ನೀರಿಗೆ ಹಾಕಿದರೆ ಇರುವುದಿಲ್ಲ. ನೀವು "ಸುಡಿ" ಎಂದು ಬರೆದಾಗ ಸುಡಲು ಒಂದು ಗೋಣಿಚೀಲ ಹುಡುಕಿ ತಂದೆ.

ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ ಇದೇ. ಮುಗಿಯದ ಕೆಲಸ ಈ ಕೌದಿ. ನಿಮಗಾಗಿ ಹೊಲಿಯುತ್ತಿದ್ದಳು. "ತವರಿಗೆ ಬರಿಗೈಲೆ ಹ್ಯಾಂಗ ಹೋಗ್ಲಿ? ಈಶ್ಯಾಗ ಚಳಿ ಭಾಳ, ಸಣ್ಣಾಂವ ಇದ್ದಾಗಿಂದ" ಎನ್ನುತ್ತಿದ್ದಳು. ಜಡ್ಡಿನ ಸುದ್ದಿಯನ್ನು ತಾನೇ ಎದುರು ಕುಳಿತು ಹೇಳುತ್ತೇನೆಂದು ನನ್ನ ಬಾಯಿ ಕಟ್ಟಿದ್ದಳು. ಹೊಲಿಗೆ ದಿನಕ್ಕೆ ಒಂದು ಸಾಲಿಗೆ ಬಂತು. ಆಮೇಲೆ ಅರ್ಧ ಸಾಲಿಗೆ. ಸುಮ್ಮನೆ ಕರೆದುಕೊಂಡು ಬರಬೇಕಾಗಿತ್ತು. "ಕೌದಿ ಆಮ್ಯಾಲೆ ಒಯ್ಯೂಣು, ಹೋಗೂಣು ನಡಿ" ಎಂದು ಒಂದು ದಿನವೂ ಗಟ್ಟಿಯಾಗಿ ಹೇಳಲಿಲ್ಲ. ಅದು ನನ್ನ ತಪ್ಪು.

ಇನ್ನೂ ಒಂದಿದೆ. ಕೌದಿಯಲ್ಲಿ ಇದ್ದದ್ದೆಲ್ಲ ನಿಮ್ಮ ಮನೆಯ ಬಟ್ಟೆ. ನನ್ನದೊಂದು ಚಿಂದಿಯೂ ಇರಲಿಲ್ಲ. ನಾನು ಮಿಲ್ಲಿನ ಫೆಲ್ಟ್ ತಂದುಕೊಟ್ಟೆ. ಯಂತ್ರದಲ್ಲಿ ಹಸಿ ಕಾಗದವನ್ನು ಹೊತ್ತು ಸಾಗಿಸುವ ದಪ್ಪ ಕಂಬಳಿ ಅದು. ಹಳತಾದಾಗ ನಾವೆಲ್ಲ ತುಂಡು ತಂದು ಹಾಸಿಗೆಯ ಕೆಳಗೆ ಹಾಸುತ್ತೇವೆ. "ನಡುವ ಇದನ್ನ ಹಾಕು, ಚಳಿ ತಡೀತೈತಿ" ಎಂದೆ. ಅವಳು ಒಪ್ಪಲಿಲ್ಲ. "ಕೌದ್ಯಾಗ ಮನಶ್ಯಾರು ಉಟ್ಟಿದ್ದ ಹಾಕಬೇಕ್ರಿ. ಇದನ್ನ ಯಾರ ಉಟ್ಟಾರ?" ನಾನು ಹಟ ಹಿಡಿದೆ, ಅವಳು ನಕ್ಕು ಹಾಕಿದಳು. ಆ ಫೆಲ್ಟಿಗೆ ಒಮ್ಮೆ ತೇವ ಹೊಕ್ಕರೆ ದಾಂಡೇಲಿಯ ಮಳೆಗಾಲದಲ್ಲಿ ಒಣಗುವುದಿಲ್ಲ. ನಿಮ್ಮ ಚಿಗಟಗಳು ಎಲ್ಲಿ ಕುಳಿತಿವೆ ಎಂಬುದು ಈಗ ನಿಮಗೆ ತಿಳಿದಿರಬೇಕು.

ಕೌದಿ ನಿಮ್ಮದು. ಎರಡು ವರ್ಷ ಹೇಳದೆ ಇಟ್ಟುಕೊಂಡೆ. ಹೇಳಿದರೆ ಕೊಡಬೇಕಾಗುತ್ತಿತ್ತು.

ಮಲಕಪ್ಪ


ಚಿಗಳ್ಳಿ
13 ಅಕ್ಟೋಬರ್ 2024

ಫೆಲ್ಟ್ ಸುಡಿ. ಉಳಿದದ್ದನ್ನು ಬಿಚ್ಚಿ, ಕುದಿಸಿ, ಬಿಸಿಲಿಗೆ ಒಣಗಿಸಿ ಕಳಿಸಿ. ಒಂದು ತುಂಡೂ ಬಿಡಬಾರದು. ಕೌದಿ ಇದ್ದ ಜಾಗದ ನೆಲಕ್ಕೆ, ಗೋಡೆಯ ಬುಡಕ್ಕೆ ಕುದಿಯುವ ನೀರು ಹಾಕಿ. ನಿಮ್ಮ ಹಾಸಿಗೆಯನ್ನೂ ಕುದಿಸಿ.

ನಿನ್ನೆ ದಸರೆ. ಇದರಲ್ಲಿ ಇರುವುದು ಬನ್ನಿ ಎಲೆ. ಶಿವಗಂಗವ್ವ ಇಡಲು ಹೇಳಿದಳು.

ಈಶಪ್ಪ


ದಾಂಡೇಲಿ
27 ಅಕ್ಟೋಬರ್ 2024

ಈಶಪ್ಪನವರಿಗೆ,

ಬನ್ನಿ ಎಲೆ ಮುಟ್ಟಿತು. ಅವಳ ಫೋಟೊದ ಚೌಕಟ್ಟಿಗೆ ಸಿಕ್ಕಿಸಿದ್ದೇನೆ. ಶಿವಗಂಗವ್ವನಿಗೆ ತಿಳಿಸಿ.

ಕೌದಿ ಬಿಚ್ಚಲು ಮೂರು ದಿನ ಬೇಕಾಯಿತು. ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕತ್ತರಿಸಿದೆ. ನಡುವಿನ ಸಾಲುಗಳು ಒತ್ತೊತ್ತು, ನೇರ. ಅಂಚಿಗೆ ಬಂದಂತೆ ಹೊಲಿಗೆಗಳು ಉದ್ದುದ್ದ ಆಗುತ್ತವೆ, ಸಾಲು ಓರೆಯಾಗುತ್ತದೆ. ಕೊನೆಯ ನಾಲ್ಕು ಬೆರಳಗಲದಲ್ಲಿ ಸೂಜಿ ಬಟ್ಟೆಯನ್ನು ಒಮ್ಮೊಮ್ಮೆ ಹಿಡಿದೇ ಇಲ್ಲ. ಯಾವ ತಿಂಗಳಿನದು ಯಾವ ಸಾಲು ಎಂದು ನಾನು ಹೇಳಬಲ್ಲೆ. ಅಲ್ಲಿಗೆ ಬಂದಾಗ ಗಿರಿಜಾಬಾಯಿ ಬಂದರು. "ತರ್ರಿ ಇಲ್ಲೆ, ನಿಮ್ಮ ಕೈಲೆ ಆಗೂದಿಲ್ಲ" ಎಂದು ಬ್ಲೇಡು ಕಸಿದುಕೊಂಡರು. ಅವರ ಕೈಲೂ ಬೇಗ ಆಗಲಿಲ್ಲ.

ಮೂಲೆಗಳ ವಿಷಯ ನಿಮಗೆ ಗೊತ್ತಿರಬೇಕು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂದು ಅವಳು ಒಂದೊಂದು ಮೂಲೆ ಮುಗಿದಾಗಲೂ ಹೋಳಿಗೆಯ ಚೂರು ಇಟ್ಟು ಹೊಲಿಯುತ್ತಿದ್ದಳು. ಮೂರು ಮೂಲೆಯಲ್ಲಿ ಹೋಳಿಗೆ ಪುಡಿಯಾಗಿ ಇತ್ತು. ನಾಲ್ಕನೆಯದು ಬಾಯಿ ತೆರೆದೇ ಇತ್ತು, ಖಾಲಿ.

ಫೆಲ್ಟ್ ಬಿಚ್ಚಿ ಬಿಸಿಲಿಗೆ ಹಿಡಿದೆ. ಅಕ್ಕಿಯ ನುಚ್ಚಿನಂಥ ಗೂಡುಗಳು, ಎಲ್ಲೆಲ್ಲೂ. ನನ್ನ ಕೈಯಾರೆ ಹಾಕಿಸಿದ್ದು. ಸುಟ್ಟೆ. ಬಟ್ಟೆಗಳನ್ನು ದೊಡ್ಡ ಹಂಡೆಯಲ್ಲಿ ಕುದಿಸುವ ಮೊದಲು ಒಮ್ಮೆ ಮುಖ ಒತ್ತಿ ನೋಡಿದೆ. ಅದರ ಬಗ್ಗೆ ಬರೆಯುವುದಿಲ್ಲ. ಈಗ ಅವುಗಳಿಗೆ ಸೋಪಿನ ವಾಸನೆ, ಬಿಸಿಲಿನ ವಾಸನೆ.

ಭೋಂಗ್ಯಾ ಮೊದಲ ದಿನ ಬರಿ ನೆಲ ಮೂಸುತ್ತ ತಿರುಗಿತು. ನಾನೂ ಹೆಚ್ಚುಕಡಿಮೆ ಹಾಗೆಯೇ. ಎರಡನೆಯ ದಿನ ಬಾಗಿಲ ಹತ್ತಿರ ಚಾಪೆಯ ಮೇಲೆ ಮಲಗಿತು. ಒಂದು ವಾರವಾಯಿತು, ಕೆರೆದುಕೊಳ್ಳುವುದು ಅರ್ಧಕ್ಕೆ ಇಳಿದಿದೆ. ಇವತ್ತಿನ ಬೆಳಗಿನಿಂದ ಎಣಿಸುತ್ತಿದ್ದೇನೆ, ಆರು ಸಲ.

ಗಿರಿಜಾಬಾಯಿ ದೀಪಾವಳಿಯ ಮಾತು ಎತ್ತಿಲ್ಲ.

ಬಟ್ಟೆಗಳ ಗಂಟು ಶಿವಯೋಗಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಹನ್ನೊಂದು ತುಂಡು. ಒಂದನ್ನೂ ಇಟ್ಟುಕೊಂಡಿಲ್ಲ.

ನಾಯಿ ಗುಣವಾಗುತ್ತಿದೆ. ಇನ್ನು ಬರೆಯಲು ಕಾರಣ ಸಿಗಲಿಕ್ಕಿಲ್ಲ. ಆದ್ದರಿಂದ ಈ ಐದು ತಿಂಗಳು ಉತ್ತರ ಬರೆದದ್ದಕ್ಕೆ ಈಗಲೇ ಶರಣು ಹೇಳುತ್ತೇನೆ.

ಮಲಕಪ್ಪ


ಚಿಗಳ್ಳಿ
17 ನವೆಂಬರ್ 2024

ಭಾವ,

ಗಂಟು ಮುಟ್ಟಿ ಇಪ್ಪತ್ತು ದಿನವಾಯಿತು. ತಡವಾಗಿದ್ದಕ್ಕೆ ಕಾರಣ ಶಿವಗಂಗವ್ವನ ಸೂಜಿ, ನನ್ನ ಕೈಯಲ್ಲ.

ಹನ್ನೊಂದನ್ನೂ ಗುರುತಿಸಿದೆ. ಅವ್ವನ ಇಳಕಲ್ ಸೀರೆಯ ಎರಡು ತುಂಡು. ಅಪ್ಪನ ಧೋತರ. ಅಕ್ಕನ ಪರಕಾರ, ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದದ್ದು. ನೀಲಿ ಗೆರೆಯ ಅಂಗಿಯೊಂದಿತ್ತು, ಜೇಬು ಹರಿದದ್ದು. ಸಾಂಬ್ರಾಣಿಯಲ್ಲಿ ಎಮ್ಮೆ ಹಾಯ್ದು ಹರಿದ ನನ್ನ ಅಂಗಿ. ಬಿಸಾಡಲು ಹೋದಾಗ "ಒಗೀಬ್ಯಾಡೋ, ನನಗ ಕೊಡು" ಎಂದು ತೆಗೆದುಕೊಂಡಿದ್ದಳು. ಜೇಬನ್ನು ಹಾಗೇ ಬಿಟ್ಟಿದ್ದಾಳೆ, ಹೊಲಿದಿಲ್ಲ. ಅದರೊಳಗೆ ಕೈ ಹಾಕಿ ಎಷ್ಟು ಹೊತ್ತು ಕುಳಿತಿದ್ದೆನೋ, ಶಿವಗಂಗವ್ವ ಬಂದು, "ಏನ್ ಹುಡುಕಾಕತ್ತೀರಿ, ಪೆನ್ನ?" ಎಂದಳು.

ನೀವು ಕಳಿಸಲಿಲ್ಲ ಎಂದು ಎರಡು ವರ್ಷ ನಂಬಿದ್ದೆ. ಈಗ ತಿಳಿದದ್ದು, ಅವಳು ನಾಲ್ಕು ತಿಂಗಳು ನನ್ನ ಕಡೆಗೇ ಬರುತ್ತಿದ್ದಳು, ದಿನಕ್ಕೊಂದು ಸಾಲು. ನೀವು ಮಗ್ಗುಲಲ್ಲಿ ಕುಳಿತು ನೋಡಿದ್ದೀರಿ. ನನಗೆ ಅದೂ ಇಲ್ಲ. ಎಲ್ಲರೆದುರು ನಾನು ಹೇಳಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅದು ಕಾಗದದಲ್ಲಿ ಆಗುವ ಕೆಲಸವಲ್ಲ.

ಈಗ ಕೌದಿಯ ವಿಷಯ. ಅಕ್ಕ ಜೋಡಿಸಿದ ಕ್ರಮದಲ್ಲೇ ಶಿವಗಂಗವ್ವ ಜೋಡಿಸಿದ್ದಾಳೆ. ಹಳೆಯ ಸೂಜಿಯ ತೂತುಗಳು ಕಾಣುತ್ತವೆ. ಮೂರು ಮೂಲೆಗೆ ಹೋಳಿಗೆ ಇಟ್ಟು ಹೊಲಿದಾಗಿದೆ. ಒಂದು ಬದಿ, ನಾಲ್ಕನೆಯ ಮೂಲೆ ತೆರೆದಿದೆ. ಆದರೆ ನಿಮ್ಮ ಫೆಲ್ಟ್ ತೆಗೆದದ್ದರಿಂದ ನಡುವೆ ಒಂದು ಪದರ ಕಡಿಮೆ ಬಿದ್ದು ಕೌದಿ ತೆಳ್ಳಗಾಗಿದೆ. ನನಗೆ ಚಳಿ ಭಾಳ, ಅವಳು ಹೇಳಿದ್ದು ನಿಜ. ನಿಮ್ಮ ಹಳೆಯ ಧೋತರವೋ, ಮಿಲ್ಲಿಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿಗಳೋ ತನ್ನಿ. ಹೊಸದು ಬೇಡ. ಉಟ್ಟದ್ದು ಬೇಕು. ಒಗೆಯಿರಿ, ಆದರೆ ಭಾಳ ತಿಕ್ಕಬೇಡಿ.

ಕಳಿಸಬೇಡಿ. ತನ್ನಿ. ಭೋಂಗ್ಯಾನನ್ನೂ ಕರೆತನ್ನಿ, ಚರ್ಮ ನೋಡಬೇಕು. ಈ ತಿಂಗಳಿನ ಹನಿ ಮರೆಯಬೇಡಿ. ಗುಣವಾಯಿತೆಂದು ಬಿಟ್ಟರೆ ಮಳೆಗಾಲಕ್ಕೆ ಮತ್ತೆ ಬರುತ್ತವೆ.

ಬಾಗಿಲಿಗೆ ಬಂದಾಗ ಗಂಟೆ ಒತ್ತಬೇಡಿ. ಹೆಸರು ಹಿಡಿದು ಕೂಗಿ.

ನಿಮ್ಮ
ಈಶ್ಯಾ


ದಾಂಡೇಲಿ
21 ನವೆಂಬರ್ 2024

ಈಶ್ಯಾ,

ಭಾನುವಾರ ಶಿವಯೋಗಿಯ ಬಸ್ಸಿಗೆ ಹೊರಡುತ್ತೇವೆ. ನಾಯಿಯನ್ನು ಬಸ್ಸಿಗೆ ಹತ್ತಿಸುವುದಿಲ್ಲ ಎಂದಿದ್ದ. "ಐದು ತಿಂಗಳ ಹಿಂದ ಅದರ ಕೂದಲಾ ಒಯ್ದೀಯಲ್ಲೋ, ಈಗ ಉಳದದ್ದ ಒಯ್ಯಾಕ ಏನಾಗೇತಿ?" ಎಂದು ಕೇಳಿದೆ. ಹಿಂದಿನ ಸೀಟು ಕೊಡುತ್ತಾನಂತೆ. ಗಿರಿಜಾಬಾಯಿ ಭೋಂಗ್ಯಾನಿಗೆ ದಾರಿಯ ಬುತ್ತಿ ಕಟ್ಟುತ್ತೇನೆ ಎಂದಿದ್ದಾರೆ. ನನಗೆ ಕಟ್ಟುತ್ತೇನೆಂದು ಹೇಳಲಿಲ್ಲ.

ಎರಡು ಧೋತರ, ಒಂದು ಮಿಲ್ಲಿನ ಅಂಗಿ. ಒಗೆದಿದ್ದೇನೆ. ತಿಕ್ಕಿಲ್ಲ.

ಹೆಸರು ಹಿಡಿದು ಕೂಗು ಎಂದಿದ್ದೀ. ಎರಡು ದಿನದಿಂದ ಮನೆಯಲ್ಲಿ ಒಬ್ಬನೇ ಕೂಗಿ ನೋಡುತ್ತಿದ್ದೇನೆ, ದನಿ ಸರಿಯಾಗಿ ಏಳುತ್ತಿಲ್ಲ. ಆದರೆ ಇವತ್ತು ಮಧ್ಯಾಹ್ನದ ಪಾಳಿಯ ಭೋಂಗಾ ಆದಾಗ ನಾನು ಅನ್ನಕ್ಕೆ ಕುಳಿತಿದ್ದೆ. ಬಾಗಿಲಲ್ಲಿ ಮಲಗಿದ್ದ ಭೋಂಗ್ಯಾ ಎದ್ದು, ಮೈ ಝಾಡಿಸಿ, ಮುಖ ಮೇಲಕ್ಕೆತ್ತಿ ಕೂಗಿತು. ಯುಗಾದಿಯಿಂದ ಇದು ಮೊದಲ ಸಲ. ಭೋಂಗಾ ನಿಂತ ಮೇಲೂ ಸ್ವಲ್ಪ ಹೊತ್ತು ಕೂಗುತ್ತಲೇ ಇತ್ತು. ಚಾಳದ ಬಾಗಿಲುಗಳೆಲ್ಲ ತೆರೆದವು. ಯಾರೂ ಬೈಯಲಿಲ್ಲ.

ನಿನ್ನ ಬಾಗಿಲಲ್ಲಿ ನನ್ನ ಬಾಯಿಂದ ಹೆಸರು ಬರದಿದ್ದರೆ ಅವನು ಕೂಗುತ್ತಾನೆ. ಹೊರಗೆ ಬಾ. ಮೊದಲು ಅವನ ದನಿ ಕೇಳು, ಆಮೇಲೆ ನನ್ನದು.

ಮಲಕಪ್ಪ